ಯೊಕೊಹಾಮದಲ್ಲಿ ಇಂಗ್ಲಿಷು ಪಾಠ



ಈ ಸ್ಮರಣ ಸಂಚಿಕೆಗೆ ಏನಾದರೂ ಬರೆಯಬೇಕೆಂದು ಸಂಪಾದಕಿಯರು ಕೇಳಿದಾಗ, ಪರದೇಶದಲ್ಲಿ ನಾನು ಇಂಗ್ಲಿಷು ಕಲಿಸಿದ ದಿನಗಳ ಕೆಲವು ವಿನೋದಗಳನ್ನು ಬರೆಯುವದು ಉಚಿತವೆಂದು ತೋರಿತು. ನಗುವದಕ್ಕಾಗಿ ಮಾತ್ರವಲ್ಲ; ಅವುಗಳಿಂದ ನಾನು ಕಲಿತ ಪಾಠವು ನಮ್ಮ ಮನೆಗಳ ಹೆಣ್ಣುಮಕ್ಕಳಿಗೂ ಸಂಬಂಧಪಟ್ಟದ್ದಾಗಿದೆ.

2006ನೆಯ ಇಸವಿಯ ಏಪ್ರಿಲಿನಿಂದ ಎರಡು ವರ್ಷಗಳ ಕಾಲ ಜಪಾನಿನ ಯೊಕೊಹಾಮ ಪಟ್ಟಣದ ಒಂದು ಬಾಲಿಕಾ ಪಾಠಶಾಲೆಯಲ್ಲಿ ಉಪಾಧ್ಯಾಯಿನಿಯಾಗಿದ್ದೆನು. ಸ್ತ್ರೀವಿದ್ಯಾಭ್ಯಾಸದ ಚರಿತ್ರೆಯಲ್ಲಿ ಆ ಪಟ್ಟಣಕ್ಕೆ ಹೆಸರುಂಟು. ಮೇರಿ ಕಿಡ್ಡರ್ ಎಂಬ ಅಮೇರಿಕದ ಮಿಷನರಿ ಮಹಿಳೆಯು 1870ರಲ್ಲಿ ಅಲ್ಲಿ ಆರಂಭಿಸಿದ ತರಗತಿಯೇ ಮುಂದೆ ಫೆರಿಸ್ ವಿದ್ಯಾಸಂಸ್ಥೆಯಾಗಿ ಬೆಳೆಯಿತು. ನಾನಿದ್ದ ಶಾಲೆಯು ಬೇರೆ, ಅದಕ್ಕಿಂತ ಬಹಳ ಚಿಕ್ಕದು.

ನನ್ನ ಸಂಗಡ ಇಂಗ್ಲೆಂಡಿನ ಒಬ್ಬ ಉಪಾಧ್ಯಾಯರೂ ಅಲ್ಲಿ ಪಾಠ ಹೇಳುತ್ತಿದ್ದರು. ಒಂದು ದಿನ ಅವರು ಒಬ್ಬ ಹುಡುಗಿಯನ್ನು, “ನೀನು ಪುಸ್ತಕ ತರಲಿಲ್ಲವೇ?” ಎಂದು ಇಂಗ್ಲಿಷಿನಲ್ಲಿ ಕೇಳಿದರು. ಅವಳು ವಿನಯದಿಂದ “ಯೆಸ್” ಅಂದಳು. ಪುಸ್ತಕವು ಹೊರಗೆ ಬರಲೆಂದು ಅವರು ಕಾದರು. ಕ್ಷಮೆಯು ದೊರೆಯಲೆಂದು ಅವಳು ಕಾದಳು. ಇಬ್ಬರೂ ಒಬ್ಬರನ್ನೊಬ್ಬರು ನೋಡುತ್ತ ನಿಂತರು! ಹಿಂದೆ ಕುಳಿತಿದ್ದ ನನಗೆ ನಗೆಯನ್ನು ತಡೆಯುವದು ಕಷ್ಟವಾಯಿತು. ಯಾಕಂದರೆ “ನಾಳೆ ನೀನು ಬರುವದಿಲ್ಲವೋ?” ಎಂದು ನಾವು ಕೇಳಿದರೆ, ನಮ್ಮ ಮಕ್ಕಳೂ “ಹೌದಮ್ಮಾ, ಬರುವದಿಲ್ಲ” ಎಂದೇ ಅನ್ನುವರಷ್ಟೆ. ಕೇಳಿದವರ ಮಾತು ನಿಜವೆಂದು ಒಪ್ಪುವದು ಜಪಾನೀಯರ ರೀತಿ, ಕನ್ನಡಿಗರ ರೀತಿಯೂ ಅದೇ. ಇಂಗ್ಲಿಷಾದರೋ ಕೇಳಿದವರ ಮಾತನ್ನು ಬಿಟ್ಟು ನಡೆದ ಸಂಗತಿಯನ್ನೇ ನೋಡುತ್ತದೆ. ಆ ಹುಡುಗಿಯು ಸುಳ್ಳು ಹೇಳಿರಲಿಲ್ಲ. ತನ್ನ ತಾಯಿಯ ಮಾತನ್ನು ಇಂಗ್ಲಿಷಿನಲ್ಲಿ ಆಡಿದ್ದಳು.

ಇನ್ನೊಂದು ಸಲ ಕುಟುಂಬದ ವಿಷಯವಾಗಿ ಪ್ರಬಂಧ ಬರೆಯಿಸಿದೆನು. “ನನ್ನ ಅಣ್ಣನು ಮೊದಲು ಸ್ಮಾರ್ಟ್ ಆಗಿದ್ದನು, ಈಗ ಬಹಳ ತಿನ್ನುವದರಿಂದ ಸ್ಮಾರ್ಟ್ ಆಗಿಲ್ಲ” ಎಂದು ಒಬ್ಬಳು ಬರೆದಿದ್ದಳು. ಅನ್ನಕ್ಕೂ ಬುದ್ಧಿಗೂ ಇರುವ ವೈರವೇನೆಂದು ವಿಚಾರಿಸಲು, ಜಪಾನೀ ಭಾಷೆಗೆ ಸೇರಿದ ಆ ಶಬ್ದಕ್ಕೆ ಅಲ್ಲಿ ತೆಳ್ಳಗಿರುವವನೆಂದು ಅರ್ಥವಂತೆ. ತರಗತಿಯ ಅರ್ಧ ಮಂದಿ ತಾವು ಮ್ಯಾನ್ಶನ್ನಿನಲ್ಲಿ ವಾಸಿಸುವದಾಗಿ ಬರೆದಿದ್ದರು. ಇಷ್ಟೊಂದು ಜಮೀನ್ದಾರರ ಮಕ್ಕಳೋ ಎಂದು ಬೆರಗಾಗಬೇಕಾಗಿಲ್ಲ. ಮಹಡಿಯ ಕಟ್ಟಡದೊಳಗಿನ ಎರಡು ಮೂರು ಕೋಣೆಗಳ ಮನೆಗೂ ಅಲ್ಲಿ ಅದೇ ಹೆಸರು. ನಾವು ಮಾತ್ರ ಕಡಿಮೆಯೋ? ಬರೀ ದೋಸೆ ಕಾಫಿಗಳನ್ನು ಕೊಡುವ ಸ್ಥಳವನ್ನು ಹೋಟೆಲೆಂದು ಕರೆದು, ಅಲ್ಲಿ ರಾತ್ರಿ ಉಳಿಯಲು ಕೋಣೆ ಇಲ್ಲವೆಂದು ಯಾರೂ ದೂರುವದಿಲ್ಲ.

ಲಕಾರ ರಕಾರಗಳ ಭೇದವು ಅವರಿಗೆ ಕಠಿಣ. ಬೆಳಿಗ್ಗೆ ತಾನು ತಿಂದದ್ದು ಅನ್ನವೆಂದು ಹೇಳಹೋದ ಬಾಲೆಯ ಬಾಯಲ್ಲಿ ಅದು ಹೇನಾಗಿ ಕೇಳಿಸುವದುಂಟು. ಇದಕ್ಕಾಗಿ ಅವರು ನಾಚಿಕೊಳ್ಳಲು, ಕನ್ನಡದ ‘ಹಲ್ಲಿ’ ‘ಹಳ್ಳಿ’ ಎಂಬ ಎರಡು ಮಾತುಗಳನ್ನು ಹೇಳಿಕೊಟ್ಟೆನು. ಅವರ ಬಾಯಲ್ಲಿ ಎರಡೂ ‘ಹರಿ’ ಎಂದಾದವು. ಇಂಗ್ಲೆಂಡಿನ ಉಪಾಧ್ಯಾಯರನ್ನೂ ಕರೆದು ಹೇಳಿಸಿದೆವು. ಅವರಿಗೆ ಎರಡೂ ಹಲ್ಲಿಗಳೇ ಆದವು! ಅಂದಿನಿಂದ ತರಗತಿಯ ಸಂಕೋಚವು ಬಹಳ ಮಟ್ಟಿಗೆ ಹೋಯಿತು.

ಆದರೆ ಕೊನೆಯ ಸಾಲಿನ ಒಬ್ಬಳು ಮಾತ್ರ ತಿಂಗಳುಗಟ್ಟಲೆ ಬಾಯಿ ತೆರೆಯಲಿಲ್ಲ. ಅವಳ ಬರಹದಲ್ಲಿ ಒಂದು ತಪ್ಪೂ ಇರುತ್ತಿರಲಿಲ್ಲ. ಆಡುವ ಮಾತಿನಲ್ಲಿ ತಪ್ಪು ಬಂದೀತೆಂಬ ಭಯವೇ ಅವಳನ್ನು ಮೂಕಳನ್ನಾಗಿ ಮಾಡಿತ್ತು. ಒಂದು ದಿನ ಯಾರಿಗೋ ಉತ್ತರ ಕೊಡುತ್ತ, ನಮ್ಮ ಕಡೆಯ ಪದ್ಧತಿಯಂತೆ ನಾನು ತಲೆಯನ್ನು ಎಡಕ್ಕೂ ಬಲಕ್ಕೂ ತೂಗಿದೆನು. ಆಗ ಅವಳು ತಟ್ಟನೆ ಎದ್ದು, “ಟೀಚರ್, ಯುವರ್ ಹೆಡ್, ಯೆಸ್ ಆರ್ ನೋ?” ಎಂದು ಕೇಳಿದಳು. ವ್ಯಾಕರಣದ ದೃಷ್ಟಿಯಿಂದ ಅದು ವಾಕ್ಯವೇ ಅಲ್ಲ. ಆದರೂ ಆ ವರ್ಷ ನಾನು ಕೇಳಿದ ಇಂಗ್ಲಿಷಿನಲ್ಲಿ ಅದಕ್ಕಿಂತ ಉತ್ತಮವಾದದ್ದು ಇಲ್ಲ. ತಿಳಿಯಬೇಕೆಂಬ ಆಶೆಯು ಭಯವನ್ನು ಗೆದ್ದಿತ್ತು. ತರಗತಿಯು ನಕ್ಕಿತು, ಅವಳೂ ನಕ್ಕಳು. ಮುಂದೆ ಅವಳ ಮಾತು ನಿಲ್ಲಲಿಲ್ಲ.

ಮಕ್ಕಳ ತಪ್ಪು ಉತ್ತರವು ಅನೇಕ ಸಾರಿ ಅಜ್ಞಾನದಿಂದ ಬರುವದಿಲ್ಲ. ಅದರ ಹಿಂದೆ ಮತ್ತೊಂದು ಭಾಷೆಯ ಸರಿಯಾದ ನಿಯಮವಿರುತ್ತದೆ. ಆದಕಾರಣ ನಮ್ಮ ಶಾಲೆಯಲ್ಲಿ ಕೆಂಪು ಶಾಯಿಯನ್ನು ಎತ್ತುವ ಮೊದಲು, “ಇದನ್ನು ಕನ್ನಡದಲ್ಲಿ ಹೇಗೆ ಹೇಳುತ್ತೀ, ಮಗಳೇ?” ಎಂದು ಕೇಳುವ ವಾಡಿಕೆಯನ್ನು ಇಟ್ಟಿದ್ದೇವೆ. ತಪ್ಪು ತಿದ್ದಲ್ಪಡುವದು ನಿಶ್ಚಯ. ಆದರೆ ಹುಡುಗಿಯು ಕುಗ್ಗುವದಿಲ್ಲ.

ತಾಯಿತಂದೆಗಳಲ್ಲಿ ನನ್ನ ವಿಜ್ಞಾಪನೆಯೂ ಇಷ್ಟೇ. ಮಗಳು ನೆಂಟರ ಮುಂದೆ ಅರೆಬರೆ ಇಂಗ್ಲಿಷು ಆಡಿದರೆ ಗದರಿಸಬೇಡಿರಿ. ಹಳೆಯ ವಿದ್ಯಾರ್ಥಿನಿಯರಾದ ನೀವು ಈಗ ತಾಯಂದಿರೂ ಉಪಾಧ್ಯಾಯಿನಿಯರೂ ಆಗಿದ್ದೀರಿ. ನಮ್ಮ ತರಗತಿಗಳಲ್ಲಿ ನಿಮಗಾಗಿದ್ದ ನಡುಕವನ್ನು ನೆನೆಸಿಕೊಂಡು, ನಿಮ್ಮ ಮಕ್ಕಳಿಗೆ ತಪ್ಪಿ ಮಾತಾಡುವ ಧೈರ್ಯವನ್ನು ಕೊಡಿರಿ. ತಪ್ಪನ್ನು ತಿದ್ದಬಹುದು; ಮೌನವನ್ನು ತಿದ್ದುವದು ಬಹು ಕಷ್ಟ.