ಹೇಳದೆ ಉಳಿದ ಪಾಠ

ಮೈಸೂರು ರಸ್ತೆಯ ಕಮಾನನ್ನು ದಾಟಿ ಒಳಹೊಕ್ಕರೆ ರಾಜರಾಜೇಶ್ವರಿನಗರವು ದೊರೆಯುವುದು. ಅಲ್ಲಿ ಕೊಳವೆಬಾವಿಯನ್ನು ನೆಚ್ಚಿಕೊಂಡ ಮನೆಗಳಲ್ಲಿ ಗೃಹಿಣಿಯರಿಗೆಲ್ಲ ಒಂದೇ ವ್ಯಥೆ. ಆ ನೀರು ಗಡುಸು. ನೆಲದಾಳದ ಸುಣ್ಣವನ್ನು ಕರಗಿಸಿ ತಂದು ಬಚ್ಚಲಿನ ನೆಲದ ಮೇಲೆ ಬಿಳಿಯ ಪೊರೆಯಾಗಿ ಬಿಟ್ಟುಹೋಗುವುದು. ಸಾಬೂನಿಗೆ ಅದು ಜಗ್ಗದು; ತೆಂಗಿನ ನಾರಿಗೂ ಜಗ್ಗದು. ಆದುದರಿಂದಲೇ “ಆಸಿಡ್, ಫಿನಾಯಿಲ್” ಎಂದು ಕೂಗುತ್ತ ಬೀದಿಗೆ ಬರುವ ವ್ಯಾಪಾರಿಗೆ ಅಲ್ಲಿ ಗಿರಾಕಿಗಳ ಕೊರತೆಯಿಲ್ಲ.

ಆ ನಗರದ ಒಂದು ಮನೆಯಲ್ಲಿ ರಸಾಯನಶಾಸ್ತ್ರದ ನಿವೃತ್ತ ಉಪಾಧ್ಯಾಯರೊಬ್ಬರು ವಾಸವಾಗಿದ್ದರು. ಮೂವತ್ತು ವರ್ಷಗಳ ಕಾಲ ಅವರು ಮಕ್ಕಳಿಗೆ ಬೋಧಿಸಿದ ಮೊದಲನೆಯ ಪಾಠವು ಒಂದೇ: “ನೀರಿಗೆ ಆಮ್ಲವನ್ನು ಹಾಕಿ, ಆಮ್ಲಕ್ಕೆ ನೀರನ್ನು ಹಾಕಬೇಡಿ.” ಗಂಧಕಾಮ್ಲವು ನೀರಿನೊಡನೆ ಬೆರೆಯುವಾಗ ಅತಿಯಾದ ಶಾಖವು ಹುಟ್ಟುವುದು. ಆಮ್ಲದ ಮೇಲೆ ಬಿದ್ದ ನೀರು ಹಗುರವಾದುದರಿಂದ ಮೇಲೆಯೇ ನಿಂತು, ಅಲ್ಲಿಯೇ ಕುದಿದು, ಆಮ್ಲವನ್ನೂ ಕೂಡಿಕೊಂಡು ಮುಖಕ್ಕೆ ಸಿಡಿಯುವುದು. ಇದನ್ನು ಅವರು ಎಷ್ಟು ಸಲ ಹೇಳಿದ್ದರೋ ಲೆಕ್ಕವಿಲ್ಲ. ಅವರ ಪ್ರಯೋಗಶಾಲೆಯಲ್ಲಿ ಹೆಸರು ಬರೆಯದ ಸೀಸೆಯೊಂದೂ ಇರುತ್ತಿರಲಿಲ್ಲ. ಆದರೆ ಅವರದೇ ಮನೆಯ ಬಚ್ಚಲಿನ ಗೂಡಿನಲ್ಲಿ, ತಂಪು ಪಾನೀಯದ ಹಳೆಯ ಬಾಟಲಿಯೊಂದರಲ್ಲಿ, ಬೀದಿಯಲ್ಲಿ ಕೊಂಡ ಹೈಡ್ರೋಕ್ಲೋರಿಕ್ ಆಮ್ಲವು ಹೆಸರಿಲ್ಲದೆ ಕುಳಿತಿತ್ತು. ಅದರ ಪಕ್ಕದಲ್ಲಿಯೇ ಬ್ಲೀಚಿಂಗ್ ಪುಡಿಯ ಡಬ್ಬಿಯೂ ಇತ್ತು.

ಒಂದು ದಿನ ಬೆಳಿಗ್ಗೆ ಮನೆಗೆಲಸದಾಕೆಯು ಬಚ್ಚಲನ್ನು ತಿಕ್ಕಲು ಕುಳಿತಳು. ಹಬ್ಬವು ಸಮೀಪಿಸಿತ್ತು, ಇನ್ನೂ ನಾಲ್ಕು ಮನೆಗಳ ಕೆಲಸವು ಕಾದಿತ್ತು. ಪುಡಿಯನ್ನು ನೆಲಕ್ಕೆ ಚೆಲ್ಲಿ, ಅದರ ಮೇಲೆಯೇ ಆಮ್ಲವನ್ನು ಸುರಿದಳು. ಒಡನೆ ಹಸುರುಹಳದಿಯ ಹೊಗೆಯೆದ್ದಿತು. ಆಕೆಯು ಬೆದರಿ ಏಳುವಾಗ ಬಾಟಲಿಯು ಉರುಳಿ ಪಾದದ ಮೇಲೆಯೂ ಆಮ್ಲವು ಚೆಲ್ಲಿತು.

ಆ ಹೊಗೆಯೇ ಕ್ಲೋರಿನ್ ಅನಿಲ. 1915ನೆಯ ಏಪ್ರಿಲ್ 22ರಂದು ಬೆಲ್ಜಿಯಂ ದೇಶದ ಈಪರ್ ಎಂಬಲ್ಲಿ ಜರ್ಮನ್ ಸೇನೆಯು ಶತ್ರುಗಳ ಕಂದಕಗಳತ್ತ ಹರಿಯಬಿಟ್ಟುದು ಇದನ್ನೇ. ಇದು ಗಾಳಿಗಿಂತ ಎರಡೂವರೆ ಪಟ್ಟು ಭಾರವಾದುದು. ಮೇಲೇರದೆ ನೆಲವನ್ನು ಹಿಡಿದು ಹರಡುವುದು. ನಿಂತವನ ಮೂಗಿಗಿಂತ ಮೊದಲು ಕುಕ್ಕರುಗಾಲಿನಲ್ಲಿ ಕುಳಿತು ನೆಲವನ್ನು ತಿಕ್ಕುವವಳ ಮೂಗನ್ನು ಅದು ಸೇರುವುದು. ಯಾರು ನೆಲಕ್ಕೆ ಬಾಗಿ ದುಡಿಯುವರೋ ಅವರಿಗೇ ಅದರ ಮೊದಲನೆಯ ಪೆಟ್ಟು.

ಕೆಮ್ಮನ್ನು ಕೇಳಿ ಉಪಾಧ್ಯಾಯರು ಓಡಿಬಂದರು. ಬಾಗಿಲನ್ನು ತೆರೆದು, ಆಕೆಯನ್ನು ಹಿತ್ತಿಲಿನ ಬಯಲುಗಾಳಿಗೆ ಕರೆತಂದರು. ಒಳಗೆ ಉಳಿದುದನ್ನು ತೊಳೆಯಲು ಯಾರನ್ನೂ ಬಿಡಲಿಲ್ಲ. ಆಮ್ಲವು ತಗುಲಿದ ಪಾದವನ್ನು ನಲ್ಲಿಯ ಕೆಳಗೆ ಹಿಡಿಸಿ, ಒದ್ದೆಯಾದ ಸೀರೆಯ ಅಂಚು ಮೈಗೆ ತಾಗದಂತೆ ಮಾಡಿದರು. ಅವರ ಪತ್ನಿಯು ಅಡುಗೆ ಸೋಡವನ್ನು ತಂದಾಗ ಬೇಡವೆಂದರು. ಸುಟ್ಟ ಚರ್ಮದ ಮೇಲೆ ಆಮ್ಲವೂ ಕ್ಷಾರವೂ ಕೂಡಿದರೆ ಮತ್ತೆ ಶಾಖವೇ ಹುಟ್ಟುವುದು. ಎಣ್ಣೆ, ಬೆಣ್ಣೆಗಳೂ ಅಲ್ಲಿ ಸಲ್ಲವು. ಹರಿಯುವ ನೀರೇ ಔಷಧ. ಗಡಿಯಾರವನ್ನು ನೋಡಿಕೊಂಡು ಇಪ್ಪತ್ತು ನಿಮಿಷ ಅವರು ನಲ್ಲಿಯನ್ನು ನಿಲ್ಲಿಸಲಿಲ್ಲ. ಕಣ್ಣುಗಳನ್ನೂ ರೆಪ್ಪೆ ತೆರೆಯಿಸಿ ತೊಳೆಯಿಸಿದರು. ಕ್ಲೋರಿನ್ ಸೇರಿದ ಶ್ವಾಸಕೋಶವು ಕೆಲವು ಗಂಟೆಗಳು ಕಳೆದ ಮೇಲೆ ಊದಿಕೊಳ್ಳುವುದುಂಟೆಂದು ಅರಿತು, ಆಕೆಯು “ಈಗ ಪರವಾಗಿಲ್ಲ” ಎಂದರೂ ಕೇಳದೆ ಆಟೋರಿಕ್ಷಾದಲ್ಲಿ ಆಸ್ಪತ್ರೆಗೆ ಕರೆದೊಯ್ದರು. ಒಂದು ರಾತ್ರಿ ಅಲ್ಲಿರಿಸಿಕೊಂಡು ಮರುದಿನ ಕಳುಹಿಸಿದರು.

ಐದಾರು ದಿನಗಳ ನಂತರ ಆಕೆಯು ಕೆಲಸಕ್ಕೆ ಮರಳಿ ಬಂದು, ಬಾಗಿಲ ಬಳಿ ನಿಂತು ಕೇಳಿದಳು:

“ಮೇಷ್ಟ್ರೇ, ಅವೆರಡೂ ಸೇರಿದ್ರೆ ಹಿಂಗಾಗತ್ತೆ ಅಂತ ನಿಮಗೆ ಮೊದಲೇ ಗೊತ್ತಿತ್ತಾ?”

“ಗೊತ್ತಿತ್ತಮ್ಮ.”

ಆಕೆಯು ಮತ್ತೇನನ್ನೂ ಕೇಳಲಿಲ್ಲ. ಪೊರಕೆಯನ್ನು ತೆಗೆದುಕೊಂಡು ಒಳಗೆ ಹೋದಳು. ಆ ಮೌನವು ಉಪಾಧ್ಯಾಯರ ಎದೆಯನ್ನು ತಾಗಿದಷ್ಟು ಯಾವ ಆಕ್ಷೇಪಣೆಯೂ ತಾಗಲಾರದಾಗಿತ್ತು. ಸಾವಿರಾರು ಮಕ್ಕಳಿಗೆ ಹೇಳಿದುದನ್ನು, ದಿನವೂ ತಮ್ಮ ಮನೆಯ ಆಮ್ಲವನ್ನು ಮುಟ್ಟುವ ಒಬ್ಬಳಿಗೆ ಅವರು ಹೇಳಿರಲಿಲ್ಲ.

ಕಾನೂನು ಇಲ್ಲದಿಲ್ಲ. 2013ನೆಯ ಜುಲೈ 18ರಂದು ಭಾರತದ ಸರ್ವೋಚ್ಚ ನ್ಯಾಯಾಲಯವು ಆಮ್ಲದ ಚಿಲ್ಲರೆ ಮಾರಾಟಕ್ಕೆ ಕಟ್ಟುಪಾಡುಗಳನ್ನು ವಿಧಿಸಿತು. ಕೊಳ್ಳುವವರು ಗುರುತಿನ ಚೀಟಿಯನ್ನು ತೋರಿಸಿ ಕಾರಣವನ್ನು ತಿಳಿಸಬೇಕು. ಮಾರುವವನು ಪುಸ್ತಕದಲ್ಲಿ ಬರೆದಿಡಬೇಕು. ಹದಿನೆಂಟು ವರ್ಷ ತುಂಬದವರಿಗೆ ಮಾರಕೂಡದು. ಆದರೂ 2022ನೆಯ ಏಪ್ರಿಲ್ 28ರಂದು ಇದೇ ಪಶ್ಚಿಮ ಬೆಂಗಳೂರಿನ ಸುಂಕದಕಟ್ಟೆಯಲ್ಲಿ ಒಬ್ಬ ಯುವತಿಯ ಮೇಲೆ ದುರುಳನೊಬ್ಬನು ಆಮ್ಲವನ್ನೆರಚಿದನು. ಅಂತಹ ದ್ವೇಷವನ್ನು ತಡೆಯಲು ಕಾನೂನೂ ದಂಡನೆಯೂ ಬೇಕೇ ಬೇಕು. ಆದರೆ ಕೊಂಡು ಮನೆಯೊಳಕ್ಕೆ ತಂದ ಮೇಲೆ ಕಾಯುವುದು ಯಾವ ಪುಸ್ತಕವೂ ಅಲ್ಲ, ಮನೆಯವರ ಬಾಯಿಮಾತು.

ಉಪಾಧ್ಯಾಯರಿಗೆ ಬೆಳ್ಳಾವೆ ವೆಂಕಟನಾರಾಯಣಪ್ಪನವರ ನೆನಪಾಯಿತು. ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೊಡನೆ ಕೂಡಿ ಅವರು 1918ರಲ್ಲಿ “ವಿಜ್ಞಾನ” ಎಂಬ ಮಾಸಪತ್ರಿಕೆಯನ್ನು ಹೊರಡಿಸಿದುದು, ಶಾಸ್ತ್ರವು ಇಂಗ್ಲಿಷ್ ಬಲ್ಲವರ ಸೊತ್ತಾಗಿ ಉಳಿಯಬಾರದೆಂದಲ್ಲವೆ? ನೂರು ವರ್ಷಗಳು ಕಳೆದ ಮೇಲೂ ಆ ಶಾಸ್ತ್ರವು ಪಡಸಾಲೆಯಿಂದ ಬಚ್ಚಲಿನವರೆಗಿನ ಹತ್ತು ಹೆಜ್ಜೆಯನ್ನು ನಡೆದಿರಲಿಲ್ಲ.

ಅವರು ಬಿಳಿಯ ಕಾಗದದ ಮೇಲೆ “ಆಮ್ಲ — ಅಪಾಯ” ಎಂದು ದಪ್ಪಕ್ಷರದಲ್ಲಿ ಬರೆದು ಆಕೆಗೆ ತೋರಿಸಿದರು. “ನನಗೆ ಓದೋಕೆ ಬರಲ್ಲ ಮೇಷ್ಟ್ರೇ” ಎಂದಳು ಆಕೆ. ಆಗ ಕಾಗದವನ್ನು ಬದಿಗಿಟ್ಟು, ಆಕೆಯನ್ನು ಎದುರಿಗೆ ಕುಳ್ಳಿರಿಸಿಕೊಂಡು ಪಾಠವನ್ನಾರಂಭಿಸಿದರು. ಕುಡಿಯುವ ಬಾಟಲಿಗೆ ಆಮ್ಲವನ್ನು ಎಂದೂ ತುಂಬಕೂಡದು. ಮಗುವೊಂದು ಬಾಯಾರಿ ಎತ್ತಿಕೊಂಡೀತು. ಯಾರಾದರೂ ಕುಡಿದರೆ ವಾಂತಿ ಮಾಡಿಸದೆ ಆಸ್ಪತ್ರೆಗೆ ಒಯ್ಯಬೇಕು. ಇಳಿಯುವಾಗ ಸುಟ್ಟ ದಾರಿಯನ್ನು ಅದು ಏರುವಾಗ ಮತ್ತೊಮ್ಮೆ ಸುಡುವುದು. ಕೈಗೆ ರಬ್ಬರಿನ ಗವುಸು, ಕಣ್ಣಿಗೆ ಕನ್ನಡಕ, ತೆರೆದ ಕಿಟಕಿ: ಇವಿಲ್ಲದೆ ಮುಚ್ಚಳವನ್ನೇ ತೆಗೆಯಬಾರದು. ಸುಣ್ಣದ ಕಲೆಗೆ ಅಡುಗೆಮನೆಯ ನಿಂಬೆ ಉಪ್ಪನ್ನು ನೀರಿನಲ್ಲಿ ಕರಗಿಸಿ ಬಳಿದು, ಸ್ವಲ್ಪ ಹೊತ್ತು ಬಿಟ್ಟು ತಿಕ್ಕಿದರೆ ಸಾಕು. ಅದೂ ಆಮ್ಲವೇ ಆದುದರಿಂದ ಬ್ಲೀಚಿಂಗ್ ಪುಡಿಯೊಡನೆ ಅದನ್ನೂ ಬೆರೆಸಬಾರದು.

ಎಲ್ಲವನ್ನೂ ಕೇಳಿಸಿಕೊಂಡು ಆಕೆಯೆಂದಳು: “ಅತ್ತೆ ಸೊಸೆ ಇದ್ದಂಗೆ ಅನ್ನಿ. ಇಬ್ರೂ ಬೇಕು, ಒಂದೇ ಕೋಣೇಲಿ ಇರಕೂಡದು.”

ಉಪಾಧ್ಯಾಯರು ನಕ್ಕರು. ಇದಕ್ಕಿಂತ ಚೆನ್ನಾದ ಸೂತ್ರವನ್ನು ಅವರು ಕರಿಹಲಗೆಯ ಮೇಲೆ ಬರೆದುದಿಲ್ಲ.

ಮರುವಾರ ಎದುರುಮನೆಯ ಯಜಮಾನಿತಿಯು ಬಂದು, “ನಿಮ್ಮ ಮನೆಯ ಕೆಲಸದಾಕೆಯು ನಮ್ಮ ಬಚ್ಚಲಿನ ಬಾಟಲಿಯನ್ನು ಕೇಳದೆಯೇ ಎತ್ತಿ ಬೇರೆ ಕಡೆಗೆ ಇಟ್ಟಿದ್ದಾಳೆ, ಇದೇನು?” ಎಂದು ವಿಚಾರಿಸಿದಳು. ಉಪಾಧ್ಯಾಯರು ಆಕೆಗೂ ಒಂದು ಮಣೆಯನ್ನು ಹಾಕಿಸಿ, ಮೊದಲಿನಿಂದ ಹೇಳತೊಡಗಿದರು.