ದನದ ಡಾಕ್ಟರಿಗೆ ಕಾವಲು

ಸಿದ್ಧಗಂಗೆಯ ದನದ ಜಾತ್ರೆಯಲ್ಲಿ ಎತ್ತಿನ ಬಾಯಿ ಬಿಡಿಸಿ ಹಲ್ಲು ನೋಡುವವರಲ್ಲಿ ಪಳಗಿದ ಕೈ ಯಾವುದೆಂದು ನನಗೆ ದೂರದಿಂದಲೇ ಗೊತ್ತಾಗುತ್ತದೆ. ಗುಬ್ಬಿ ತಾಲ್ಲೂಕಿನ ಹಳ್ಳಿಗಳಲ್ಲಿ ಮೂವತ್ತು ವರ್ಷ ಪಶು ಆಸ್ಪತ್ರೆಯ ಕಾಂಪೌಂಡರ್ ಆಗಿದ್ದವನು ನಾನು. (ಅಲ್ಲಿ ಸೂಜಿ ಹಿಡಿದವರೆಲ್ಲ ‘ಡಾಕ್ಟ್ರೇ’. ನಾನೂ ತಿದ್ದಲು ಹೋಗಲಿಲ್ಲ.) ಕಳೆದ ಜಾತ್ರೆಯಲ್ಲಿ ಹಳ್ಳಿಕಾರ್ ಜೋಡಿಯೊಂದರ ಮುಂದೆ ನಿಂತಿದ್ದಾತ ಕುಣಿಗಲ್ ಕಡೆಯವನು. ಟಿಪ್ಪುವಿನ ಕಾಲದಿಂದ ದಂಡಿಗೆ ಕುದುರೆ ಸಾಕಿದ ಊರಿನಿಂದ ಸೇನೆಗೆ ಸೇರಿ, ನಿವೃತ್ತನಾಗಿ ಬಂದಿದ್ದ. ಮಾತಿಗೆ ಮಾತು ಬೆಳೆದು, ದಕ್ಷಿಣ ಸುಡಾನಿನಲ್ಲಿ ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆಯಲ್ಲಿ ಒಂದು ವರ್ಷ ಇದ್ದೆನೆಂದ.

‘ಅಲ್ಲೇನಪ್ಪ ಕೆಲಸ?’ ಎಂದೆ.

‘ದನದ ಡಾಕ್ಟ್ರಿಗೆ ಕಾವಲು, ಸಾ.’

ನಾನು ನಕ್ಕುಬಿಟ್ಟೆ. ಆತ ನಗಲಿಲ್ಲ.

2011ರ ಜುಲೈನಲ್ಲಿ ಸ್ವತಂತ್ರವಾದ ಆ ದೇಶ 2013ರ ಡಿಸೆಂಬರಿನಲ್ಲೇ ಅಂತರ್ಯುದ್ಧಕ್ಕೆ ಬಿತ್ತು. ಬಿಳಿ ನೈಲ್ ನದಿಯ ದಂಡೆಯ ಮಲಕಾಲ್ ಪಟ್ಟಣ ಹಲವು ಸಲ ಕೈ ಬದಲಾಯಿಸಿ ಹಾಳಾಯಿತು. ಸಾವಿರಾರು ಜನ ವಿಶ್ವಸಂಸ್ಥೆಯ ನೆಲೆಯ ಬೇಲಿಯೊಳಗೆ ಬಂದು ಸೇರಿದರು. ಆ ಮಲಕಾಲ್‌ನಲ್ಲಿ ನಮ್ಮ ಸೇನೆಯವರು ಪಶು ಆಸ್ಪತ್ರೆ ನಡೆಸಿದರು. ಯಾಕೆ ದನಕ್ಕೇ ಆಸ್ಪತ್ರೆ ಎಂದರೆ, ಡಿಂಕಾ, ನ್ಯೂಯೆರ್ ಜನಕ್ಕೆ ದನವೇ ಬ್ಯಾಂಕು. ಹೆಣ್ಣಿಗೆ ಕೊಡುವ ತೆರ ದನದಲ್ಲಿ. ಕೊಲೆಗೆ ತೆರುವ ದಂಡವೂ ದನದಲ್ಲಿ. ದನ ಉಳಿದರೆ ಸಂಸಾರ ಮತ್ತೆ ನಿಲ್ಲುತ್ತದೆ.

ಡಾಕ್ಟರೊಬ್ಬರೇ ಹೊರಡುವಂತಿಲ್ಲವಂತೆ. ಮೊದಲು ವಿಶ್ವಸಂಸ್ಥೆಯ ನಾಗರಿಕ ಸಿಬ್ಬಂದಿ ಊರ ಹಿರಿಯರನ್ನು ಕಂಡು ಮಾತಾಡಬೇಕು. ಈ ಹಟ್ಟಿಗೆ ಹೋದರೆಂದು ಆ ಹಟ್ಟಿಯವರು ಮುನಿಯಬಾರದಲ್ಲ. ಆಮೇಲೆ ದುಭಾಷಿ, ಡಾಕ್ಟರು, ಔಷಧದ ಪೆಟ್ಟಿಗೆ, ಹಿಂದೆ ಮುಂದೆ ಬಂದೂಕು.

‘ಮೊದಲ್ನೇ ದಿನ ಒಂದು ದನಾನೂ ಬರ್ಲಿಲ್ಲ ಸಾ. ಎಣಿಸ್ಕೊಂಡು ಹೋಗೋಕೆ ಬಂದವ್ರೆ ಅಂತ ಅಡಗಿಸ್ಬಿಟ್ಟಿದ್ರು.’

ನನಗೆ ನಮ್ಮ ಹಳ್ಳಿಗಳೇ ನೆನಪಾದವು. ಜೀಪಿನ ಸದ್ದು ಕೇಳಿದೊಡನೆ, ಸಾಲ ವಸೂಲಿಗೆ ಬಂದರೆಂದು ಕರುಗಳನ್ನು ತೋಟದ ಹಿಂದಕ್ಕೆ ಅಟ್ಟುತ್ತಿದ್ದರು. ನಾನು ಮೊದಲು ಯಜಮಾನನ ಕುಂಟೆತ್ತಿನ ಗೊರಸಿನ ಹುಣ್ಣು ತೊಳೆಯುತ್ತಿದ್ದೆ. ಸಂಜೆಯೊಳಗೆ ಊರಿನ ದನವೆಲ್ಲ ಸಾಲಾಗಿ ನಿಲ್ಲುತ್ತಿದ್ದವು. ಮಲಕಾಲ್‌ನಲ್ಲೂ ಮುದಿ ಹಸುವೊಂದರ ಕಣ್ಣಿನಿಂದ ಶುರುವಾಯಿತಂತೆ.

ಆದರೂ ಸೂಜಿಯ ಜೊತೆ ಬಂದೂಕು ಹೋಗುವುದು ನನಗೆ ಪೂರ್ತಿ ಒಪ್ಪಿಗೆಯಲ್ಲ. ಅದೇ ನೆಲದಲ್ಲಿ 1990ರ ದಶಕದಲ್ಲಿ, ಹಳೆಯ ಯುದ್ಧ ನಡೆಯುತ್ತಿರುವಾಗಲೇ, ಊರಿನವರೇ ತರಬೇತಿ ಪಡೆದು, ತಂಪುಪೆಟ್ಟಿಗೆಯಿಲ್ಲದೆ ದಿನಗಟ್ಟಲೆ ಕೆಡದ ಲಸಿಕೆ ಹೊತ್ತು, ನಡೆದೇ ಹೋಗಿ ದೊಡ್ಡರೋಗಕ್ಕೆ ಲಸಿಕೆ ಹಾಕಿದ್ದರು. 2011ರಲ್ಲಿ ಆ ರೋಗ ಭೂಮಿಯ ಮೇಲೆಯೇ ಇಲ್ಲವೆಂದು ಘೋಷಣೆಯಾಯಿತು. ಲಸಿಕೆ ಹಾಕಿದವರು ಹೊರಗಿನವರಲ್ಲ, ಅದೇ ಅವರ ಬಲ. ಇದನ್ನೆಲ್ಲ ಹೇಳಿದೆ.

ಆತ ಎತ್ತಿನ ಬೆನ್ನು ಸವರುತ್ತ ನಿಂತ. ಆಮೇಲೆ 2013ರ ಏಪ್ರಿಲ್ ವಿಷಯ ತೆಗೆದ. ಜೊಂಗ್ಲೇ ಪ್ರಾಂತದಲ್ಲಿ ವಿಶ್ವಸಂಸ್ಥೆಯ ವಾಹನಗಳ ಮೇಲೆ ಹೊಂಚುದಾಳಿ ನಡೆದು ಐವರು ಭಾರತೀಯ ಸೈನಿಕರೂ ಏಳು ಮಂದಿ ನಾಗರಿಕರೂ ಸತ್ತರು.

‘ಬಂದೂಕು ಬ್ಯಾಡ ಅಂತ ಇಲ್ಲಿ ನಿಂತ್ಕೊಂಡು ಹೇಳ್ಬೋದು ಸಾ.’

ನಾನು ಸುಮ್ಮನಾದೆ. ಆತನಿಗೂ ಒಂದು ಸಂಕಟ ಉಳಿದಿತ್ತು. ಹಗಲು ಲಸಿಕೆ ಹಾಕಿಸಿಕೊಂಡ ಹಿಂಡನ್ನು ರಾತ್ರಿ ಬೇರೆಯವರು ಹೊಡೆದುಕೊಂಡು ಹೋಗಿ, ಮರುವಾರ ಅದೇ ದನಗಳು ಇನ್ನೊಂದು ಹಟ್ಟಿಯಲ್ಲಿ ಕಂಡವಂತೆ. ಡಾಕ್ಟರು ಏನು ಮಾಡಿದರು?

‘ಗಾಯಕ್ಕೆ ಔಷಧಿ ಹಚ್ಚಿದ್ರು. ದನದ್ದೇನು ತಪ್ಪು?’

ವ್ಯಾಪಾರ ಕುದುರಲಿಲ್ಲ. ಹೊರಡುವಾಗ ಆತನೇ ಒಂದು ಮಾತು ನೆನಪಿಸಿಕೊಂಡ. ಅಲ್ಲಿನ ಮುದುಕನೊಬ್ಬ ದುಭಾಷಿಯ ಮೂಲಕ, ನಿನ್ನ ಮನೆಯಲ್ಲಿ ದನ ಎಷ್ಟು ಎಂದು ಕೇಳಿದನಂತೆ. ಎರಡು ಎಂದನಂತೆ ಇವನು. ಮುದುಕ ಬಹಳ ಹೊತ್ತು ಇವನ ಮುಖ ನೋಡಿ, ಭುಜದ ಮೇಲೆ ಕೈಯಿಟ್ಟು ಕೇಳಿದನಂತೆ: ‘ಮಿಕ್ಕಿದ್ದನ್ನೆಲ್ಲ ಯಾರು ಹೊಡೆದುಕೊಂಡು ಹೋದರು?’