ಮೂವತ್ತು ಚೆಂಡು, ಮೂವತ್ತು ರನ್, ಒಂದು ಛತ್ರಿ

ದಕ್ಷಿಣ ಆಫ್ರಿಕಾಕ್ಕೆ ಬೇಕಿದ್ದದ್ದು 30 ಚೆಂಡಿಗೆ 30 ರನ್. ಅಕ್ಷರ್ ಪಟೇಲರ ಒಂದೇ ಓವರಿನಲ್ಲಿ 24 ರನ್ ಸೋರಿಹೋಗಿತ್ತು. 2024ರ ಜೂನ್ 29, ಶನಿವಾರ, ವಿಶ್ವಕಪ್ ಫೈನಲ್. ಹನೂರಿನ ಹೊರಗಿನ ನಮ್ಮ ತೋಟದ ಮನೆಯ ನಡುಮನೆಯಲ್ಲಿ ಉಸಿರಾಡುವ ಸದ್ದೂ ಇರಲಿಲ್ಲ. ಬುಮ್ರಾ ಕೈಗೆ ಚೆಂಡು ಬಂತು.

ಆಗ ಗಾಳಿ ಗುದ್ದಿತು. ಆಷಾಢಕ್ಕೆ ಇನ್ನೂ ಒಂದು ವಾರವಿತ್ತು, ಗಾಳಿಗೆ ಪಂಚಾಂಗದ ಹಂಗಿರಲಿಲ್ಲ. ತಾರಸಿಯ ಮೇಲೆ ಕಬ್ಬಿಣ ಕಿರ್ರೆಂದಿತು. ಚಿತ್ರ ಚೌಕ ಚೌಕವಾಗಿ ಒಡೆದು ಬುಮ್ರಾನ ತಲೆ ಒಂದು ಕಡೆ, ಕಾಲು ಒಂದು ಕಡೆ ಆಯಿತು. ಮರುಕ್ಷಣ ನೀಲಿ ಪರದೆ: ಸಿಗ್ನಲ್ ಇಲ್ಲ.

ಮೊಬೈಲಿನಲ್ಲಿ ಒಂದೇ ಕಡ್ಡಿ. ಮಾತಿಗೆ ಸಾಕು, ಚಿತ್ರಕ್ಕೆ ಸಾಲದು. ಪಕ್ಕದ ಮನೆಯ ಅಜ್ಜಿ, 'ಯಾರೋ ಏನೋ ಮಾಡ್ಸವ್ರೆ ಕನಾ' ಅಂದರು. ಕೊಳ್ಳೇಗಾಲ ಇಷ್ಟು ಹತ್ತಿರವಿದ್ದರೆ ಕೆಟ್ಟ ಟಿವಿಗೂ ಮಾಟವೇ ಕಾರಣ. ನನಗೆ ಮಾತ್ರ ಅದೇ ಕೊಳ್ಳೇಗಾಲದಲ್ಲಿ ಟಿವಿಯ ಡಿಶ್ ಛತ್ರಿ ಮಾರಿದ ಅಂಗಡಿಯವರು ಹೇಳಿದ್ದ ಮಾತು ನೆನಪಾಯಿತು: ಮೊದಲು ಏಣಿ ಹತ್ತಬೇಡಿ, ಮೆನು ನೋಡಿ.

ನೋಡಿದೆ. ಸ್ಟ್ರೆಂತ್ 82, ಕ್ವಾಲಿಟಿ 0. ಎಷ್ಟೋ ಜನ ಮೇಲಿನ ಅಂಕಿ ನೋಡಿ 'ಸಿಗ್ನಲ್ ಚೆನ್ನಾಗೇ ಇದೆ' ಎಂದು ಬಾಕ್ಸಿಗೆ ಬಡಿಯುತ್ತಾರೆ. ಛತ್ರಿಯ ಮುಂದೆ ಚಾಚಿಕೊಂಡಿರುವ ಎಲ್‌ಎನ್‌ಬಿ, ಬರಿಯ ಆಕಾಶ ನೋಡುತ್ತಿದ್ದರೂ ತನ್ನದೇ ಗದ್ದಲವನ್ನು ಕೆಳಗೆ ಕಳಿಸುತ್ತಿರುತ್ತದೆ. ಆ ಗದ್ದಲವೇ 82. ಅಂದರೆ ವೈರು ಸರಿ, ಎಲ್‌ಎನ್‌ಬಿ ಬದುಕಿದೆ. ಮಳೆಯ ಕಾಟವಾಗಿದ್ದರೆ ಸುಮ್ಮನೆ ಕಾಯಬಹುದಿತ್ತು, ಮೋಡ ಕಳೆದ ಮೇಲೆ ತಾನೇ ಬರುತ್ತದೆ. ಮಳೆ ಒಂದು ಹನಿಯೂ ಇರಲಿಲ್ಲ. ಛತ್ರಿ ಮುಖ ತಿರುಗಿಸಿಕೊಂಡಿತ್ತು, ಅಷ್ಟೇ.

ಏಣಿ ಹತ್ತಿದೆ. ಕೈಯಲ್ಲಿ ಸ್ಪ್ಯಾನರು, ಬಾಯಲ್ಲಿ ಟಾರ್ಚು. ನಮ್ಮ ತಾರಸಿಗೆ ಗೋಡೆಯಿಲ್ಲ; ಒಂದು ಹೆಜ್ಜೆ ತಪ್ಪಿದರೆ ಕೆಳಗೆ ಕಲ್ಲಿನ ರಾಶಿ. ಮೊಣಕಾಲೂರಿ ತೆವಳಿದೆ. ಗಾಳಿಗೆ ಅಂಗಿ ಪಟಪಟ ಹೊಡೆದುಕೊಳ್ಳುತ್ತಿತ್ತು. ಬೋಲ್ಟು ಸಡಿಲ, ಛತ್ರಿ ಬೆದರುಗೊಂಬೆಯ ಹಾಗೆ ಓಲಾಡುತ್ತಿತ್ತು.

ಹಿಡಿಯಬೇಕಾದದ್ದು 93.5 ಡಿಗ್ರಿ ಪೂರ್ವ ರೇಖಾಂಶದಲ್ಲಿರುವ ಜಿಸ್ಯಾಟ್-15 ಉಪಗ್ರಹ. ಸಮಭಾಜಕದ ಮೇಲೆ 35,786 ಕಿಲೋಮೀಟರ್ ಎತ್ತರ. ಇಲ್ಲಿ ಒಂದು ಡಿಗ್ರಿ ತಪ್ಪಿದರೆ ಅಲ್ಲಿ ಆರುನೂರು ಕಿಲೋಮೀಟರಿಗೂ ಹೆಚ್ಚು ತಪ್ಪುತ್ತದೆ. ಕತ್ತಲಲ್ಲಿ ದಿಕ್ಸೂಚಿ ಎಲ್ಲಿಂದ ತರಲಿ? ಮಾದಪ್ಪನ ಬೆಟ್ಟ ನಮಗೆ ಪೂರ್ವಕ್ಕೆ, ಒಸಿ ತೆಂಕಲಿಗೆ. ಬಿಳಿಗಿರಿರಂಗನ ಬೆಟ್ಟ ನೈಋತ್ಯಕ್ಕೆ. ಮಾದಪ್ಪ ಎಡಗಡೆ, ರಂಗಪ್ಪ ಬಲಗೈಗೆ ಬರುವಂತೆ ನಿಂತರೆ ಮುಖ ಆಗ್ನೇಯಕ್ಕೆ. ಅದೇ ದಿಕ್ಕು. ಎತ್ತರದ ಬೋಲ್ಟು ಪುಣ್ಯಕ್ಕೆ ಜರುಗಿರಲಿಲ್ಲ. ಅದನ್ನು ಮುಟ್ಟಿದ್ದರೆ ಕೆಟ್ಟೆ. ಈ ಛತ್ರಿಗಳು ನೋಡುವುದಕ್ಕೆ ತಲೆ ತಗ್ಗಿಸಿದಂತಿದ್ದರೂ ನೋಟ ನೆಟ್ಟಿರುವುದು ಸುಮಾರು 66 ಡಿಗ್ರಿ ಮೇಲಕ್ಕೆ.

'ಬಂತಾ?'

'ಇಲ್ಲ ಮಾವ!' ಕೆಳಗಿನಿಂದ ಅಕ್ಕನ ಮಗಳು.

ಒಂದು ಕೂದಲೆಳೆ ತಿರುಗಿಸಿದೆ. 'ಈಗ?'

'ಬಂತು... ಬಂತು... ಓಯ್ತು!'

ಅವಸರಪಟ್ಟೆ. ಬಾಕ್ಸು ಸಂಕೇತವನ್ನು ಹಿಡಿದು ಬಿಡಿಸಿ ಚಿತ್ರ ಮಾಡಲು ಕೆಲವು ಸೆಕೆಂಡು ಬೇಕು. ತಿರುಗಿಸುತ್ತಲೇ ಹೋದರೆ ಉಪಗ್ರಹವನ್ನು ದಾಟಿಕೊಂಡು ಹೋಗಿರುತ್ತೇವೆ. ಉಪಗ್ರಹದಿಂದ ಹನೂರಿಗೆ ಸಂಕೇತ ಬರಲು ಸೆಕೆಂಡಿನ ಎಂಟನೆಯ ಒಂದು ಭಾಗ. ನಡುಮನೆಯಿಂದ ತಾರಸಿಗೆ ಸುದ್ದಿ ಬರಲು ಅದರ ಹತ್ತರಷ್ಟು. ತಿರುಗಿಸು, ನಿಲ್ಲು, ಹತ್ತು ಎಣಿಸು. ಫೈನಲ್ ನಡೆಯುವಾಗ ಹತ್ತು ಎಣಿಸುವುದು ಬೆಂಕಿಯ ಮೇಲೆ ಕೂತು ಧ್ಯಾನ ಮಾಡಿದ ಹಾಗೆ.

ಯಳಂದೂರಿನಿಂದ ಅಕ್ಕನ ಫೋನು. 'ಕ್ಲಾಸೆನ್ ಔಟು ಕನ್ಲಾ! ನೋಡ್ದಾ?'

'ನೋಡ್ತಾವ್ನಿ' ಅಂದೆ, ಛತ್ರಿಯ ಬೆನ್ನನ್ನೇ ನೋಡುತ್ತಾ.

ಫೋನನ್ನು ಜೇಬಿಗೆ ತುರುಕುವಷ್ಟರಲ್ಲಿ ಸ್ಪ್ಯಾನರು ಕೈಜಾರಿ ಕಲ್ಲಿಗೆ ಠಣ್ ಎಂದು ಬಿತ್ತು. ಅದೇ ಹೊತ್ತಿಗೆ ತೋಟದಾಚೆ ಪಟಾಕಿ! ಎದೆ ಬಾಯಿಗೆ ಬಂತು. 'ಗೆದ್ದುಬುಟ್ವಾ?'

'ಇಲ್ಲ ಮಾವ, ಜೋಳದ ಹೊಲಕ್ಕೆ ಆನೆ ಬಂದದಂತೆ!'

ಬಾಯಲ್ಲಿದ್ದ ಟಾರ್ಚು ತಾನಾಗಿ ಆರಿತು. ಆರಿಸಿದ್ದು ನಾನೇ ಇರಬೇಕು. ಕತ್ತಲಲ್ಲಿ ಛತ್ರಿಯನ್ನು ಎರಡೂ ಕೈಯಲ್ಲಿ ತಬ್ಬಿ, ಎಡಕ್ಕೆ ಒಂದು ಎಳ್ಳಿನಷ್ಟು ದೂಡಿದೆ. ಒಂದು, ಎರಡು, ಮೂರು...

'ಬಂತು! ಮಾವ, ಅಲ್ಲಾಡಬ್ಯಾಡ! ಲಾಸ್ಟ್ ಓವರು, ಹದಿನಾರು ಬೇಕು!'

ಬಿಗಿಯಲು ಸ್ಪ್ಯಾನರಿಲ್ಲ. ಕೈಬಿಟ್ಟರೆ ಗಾಳಿಯ ಪಾಲು. ಹಾರ್ದಿಕ್ ಓಡಿಬಂದಿರಬೇಕು, ಮಿಲ್ಲರ್ ಎತ್ತಿ ಹೊಡೆದಿರಬೇಕು. ಕೆಳಗೆ ಎಲ್ಲರೂ 'ಅಯ್ಯೋ' ಎಂದದ್ದು ಕೇಳಿತು, ಆಮೇಲೆ ಸೂರು ಹಾರಿಹೋಗುವ ಕೂಗು. ಬೌಂಡರಿ ಗೆರೆಯ ಮೇಲೆ ಸೂರ್ಯಕುಮಾರ್ ಒಳಗೆ ಎಸೆದು, ಹೊರಗೆ ಹೋಗಿ, ಮತ್ತೆ ಬಂದು ಹಿಡಿದ ಆ ಕ್ಯಾಚು. ಕಪ್ ನಮ್ಮದಾದದ್ದು 7 ರನ್ನಿನಿಂದ.

ನಾನು ಇಳಿಯಲು ಕಾಲು ಚಾಚಿದೆ.

'ಮಾವ, ಕೈ ಬುಡಬ್ಯಾಡ! ಕ್ಯಾಚು ತಿರ್ಗಾ ತೋರುಸ್ತಾವ್ರೆ!'